ಡ್ರಮ್ಮಿನ ಮ್ಯಾಲಿನ ಊರು

ದೊಡ್ಡ ಡ್ರಮ್ಮಿನ ತೊಗಲಿನ ಮ್ಯಾಲ
ಪೇಂಟರ್ ಜಿಲಾನಿ ಕಮಾನಿನಂಗ ಬರೆದುಕೊಟ್ಟಿದ್ದ:
ನ್ಯೂ ಮೂನ್‌ಲೈಟ್ ಬ್ರಾಸ್ ಬ್ಯಾಂಡ್.
ಕೆಳಗ, ಇರುವೆ ಸಾಲಿನಷ್ಟು ಸಣ್ಣಗ, ರಾಯಚೂರು.
ಇಷ್ಟು ಸಣ್ಣದು ಯಾಕಪ್ಪ ಅಂದೆ.
"ಊರಾಗ ಬಾರಿಸವರಿಗೆ ಊರಿನ ಹೆಸರು ಯಾಕ?
ಬಣ್ಣ ಉಳೀತದ" ಅಂದ.

ಖರೇನ ಇತ್ತು.
ತೀನ್ ಕಂದೀಲಿನಿಂದ ಸ್ಟೇಷನ್ ರೋಡಿನ ತನಕ
ನಮ್ಮನ್ನ ಯಾರೂ ಬ್ಯಾಂಡ್ ಅಂತ ಕರೀತಿರಲಿಲ್ಲ.
ಏ ಹುಲುಗಪ್ಪ, ನಿನ್ನ ಹುಡುಗರನ್ನ ಕಳಸು,
ಲೆಕ್ಕ ಆಮ್ಯಾಲ ನೋಡೋಣು,
ನಾವೇನು ಹೊರಗಿನವರಾ?
ಹೊರಗಿನವರು ಅಲ್ಲದ್ದಕ್ಕ
ಮೂರು ಮದುವಿ ಬಾಕಿ,
ಒಂದು ಮದುವಿಗೆ ಬರೇ ಊಟ, ಅದೂ ಕಡೀ ಪಂಕ್ತಿ.
ಆಮ್ಯಾಲ ಡಿಜೆ ಗಾಡಿ ಬಂತು.
ಅದರ ಒಂದು ಡಬ್ಬಿ
ನಮ್ಮ ಹನ್ನೊಂದು ಮಂದಿಯ ಉಸಿರು ನುಂಗಿ
ಇನ್ನೂ ಹಸಿವು ಅಂತಿತ್ತು.

ಮೌಲಾಲಿ ಚಾಚಾ ಟ್ರಂಪೆಟ್ಟಿನ ಉಗುಳು ಝಾಡಿಸಿ ಹೇಳಿದ:
ಹೊಳಿ ದಾಟ್ರಿ.
ಆಚೀ ದಂಡಿಯವರಿಗೆ ನಾವು ಯಾರ ಮಕ್ಕಳಂತ ಗೊತ್ತಿಲ್ಲ,
ಕಿವಿ ಅಷ್ಟೇ ಅವ ಅವರಿಗೆ.

ಹೆಂಗ ದಾಟಬೇಕು, ಅದನ್ನ ಚಾಚಾ ಹೇಳಲಿಲ್ಲ.
ನೂರು ಕಾರ್ಡು ಹಾಕಿಸಿದೆವು.
ಆದೋನಿ ಬಸ್ಸಿನ ಕಂಡಕ್ಟರಿಗೆ ಹತ್ತು,
ಮೆರವಣಿಗಿ ಕುದುರಿ ಸಾಕಿದವನಿಗೆ ಹತ್ತು,
ಬಾಸಿಂಗದ ಅಂಗಡಿಗೆ ಇಪ್ಪತ್ತು:
ಮದುವಿ ಸುದ್ದಿ ಮೊದಲು ಹೋಗೋದು ಅಲ್ಲಿಗೇ,
ಬೀಗರಿಗೆ ಆಮ್ಯಾಲ.
ಯಾಂಕೋಬ ತನ್ನ ಪಾಲಿನದನ್ನ
ಪುಟಾಣಿ ಮಾರೋ ಮುದುಕಿ ಕೈಯಾಗ ಕೊಟ್ಟ.
ಆಕಿ ಅದರಾಗ ಉಪ್ಪು ಕಟ್ಟಿ ಅವನಿಗೇ ಕೊಟ್ಟಳು.

ತಿಂಗಳು ಆತು. ಒಂದು ಫೋನಿಲ್ಲ.

ಕಾರ್ಡು ನಡೆಯಂಗಿಲ್ಲ, ಕಾಲು ನಡೀತಾವ ಅಂತ
ನಾನು, ಚಾಚಾ, ಯಾಂಕೋಬ, ದೊಡ್ಡ ಡ್ರಮ್ಮು
ರೈಲು ಹತ್ತಿದೆವು.
ಆದೋನಿಯ ಬ್ಯಾಂಡ್ ಮಾಸ್ತರ ತಿಕ್ಕಯ್ಯ
ಬೈಯಲಿಲ್ಲ. ಚಹಾ ಹೇಳಿ ಒಂದೇ ಮಾತು ಕೇಳಿದ:
"ನೀವು ಇಲ್ಲಿ ಬಂದು ಬಾರಿಸಿದರ
ನಾವೆಲ್ಲಿ ಹೋಗಿ ಬಾರಿಸೋಣು?"
ಚಾಚಾ ಬಸಿಯಾಗಿನ ಚಹಾ ಮುಗಿಯುವ ತನಕ ಯೋಚಿಸಿದ.
ಉತ್ತರ ಸಿಗಲಿಲ್ಲ.
ಅವತ್ತು ತಿಕ್ಕಯ್ಯನ ತಾಳದವನಿಗೆ ಜ್ವರ.
ಅವನ ಕೆಂಪು ಕೋಟು ತೊಟ್ಟು ಯಾಂಕೋಬ ನಿಂತ,
ತೋಳು ಬೆರಳು ಮುಚ್ಚಿದ್ದವು.
ಎರಡು ರಾತ್ರಿ, ಕೂಲಿ ಇಲ್ಲದ ಎರಡು ರಾತ್ರಿ.
ವರನ ಮಾವ ಕೇಳಿದ, ಆ ಹುಡುಗ ಯಾವೂರಾವ?
ತಿಕ್ಕಯ್ಯ ಬಾರಿಸೋದು ನಿಲ್ಲಿಸಿ
ಓಣಿಗೆಲ್ಲ ಕೇಳೋಹಂಗ ಅಂದ: ರಾಯಚೂರು.

ನನಗ ನಮ್ಮೂರು ಹಂಗ ಕೇಳಿದ್ದು ಅದೇ ಮೊದಲು.

ವಾಪಸ್ ಬರೋವಾಗ ಟಿಸಿ ಡ್ರಮ್ಮಿಗೆ ದಂಡ ಹಾಕಿದ.
ದಂಡ ಎಣಿಸಿಕೊಂಡ ಮ್ಯಾಲ ತೊಗಲಿನ ಮ್ಯಾಲ ಬೆರಳಾಡಿಸಿ,
ಮಂತ್ರಾಲಯ ರೋಡ್ ದಾಟೋವಷ್ಟರಾಗ
ರಸೀದಿಯ ಬೆನ್ನಿಗೆ ನಂಬರು ಬರೆದ:
ನಮ್ಮ ತಂಗಿ ಮಗಳದ ಅದ, ಗುಂತಕಲ್ಲಿನಾಗ.

ಅಂಗಿ ಕಿಸೆಯ ಬೆವರಿಗೆ ಕಡೀ ಅಂಕಿ ಕರಗಿತ್ತು.
ಒಂದೋ, ಏಳೋ.
ಮುಂಜಾನೆ ಜಿಲಾನಿ ಇನ್ನೂ ಅಂಗಡಿ ತೆಗೆದಿರಲಿಲ್ಲ,
ಡ್ರಮ್ಮು ಮಗ್ಗಲಿಗಿಟ್ಟು ಅವನ ಕಟ್ಟಿ ಮ್ಯಾಲ ಕುಂತು
ಒಂದು ಒತ್ತಿದೆ. ಸ್ವಿಚ್ ಆಫ್.
ಏಳು ಒತ್ತಿದೆ.
ಎಮ್ಮಿಗನೂರಿನಾಕಿ ಒಬ್ಬಾಕಿ,
ಆಕಿ ಹಿಂದ ಮಗ್ಗದ ಸಪ್ಪಳ,
ಟಕ್ಕ ಟಕ, ಟಕ್ಕ ಟಕ, ಒಂದು ಪೆಟ್ಟು ತಪ್ಪದಂಗ.
ಟಿಸಿ ಯಾರು ಗೊತ್ತಿಲ್ಲ ಅಂದಳು,
ನಮ್ಮನ್ಯಾಗ ಮದುವಿ ಯಾರದೂ ಇಲ್ಲ ಅಂದಳು,
ಅರ್ಧ ತೆಲುಗು ಅರ್ಧ ಕನ್ನಡ.
ಫೋನ್ ಇಡಬೇಕು ಅಂದೆ.
"ಇರಪ್ಪ ಇರು. ಬ್ಯಾಂಡು ಯಾವೂರದು ಅಂದಿ?"
ಹೇಳಿದೆ.
ಮಗ್ಗ ನಿಂತಿತು.

"ಎಂತ ತೀಸುಕುಂಟಾರು?"